ಎಂಟು ಗೆರೆ, ಒಂದೇ ಉದ್ದ

ನಾನು ಯಾರನ್ನೂ ಸುಮ್‌ಸುಮ್ನೆ ಹೊಗಳೋಳಲ್ಲ. ಬೇಕಾದ್ರೆ ನಮ್ಮನೇಲಿ ಕೇಳಿ. ಇಷ್ಟು ವರ್ಷದಲ್ಲಿ ನಮ್ಮೆಜಮಾನ್ರು ಮಾಡಿದ ಉಪ್ಪಿಟ್ಟನ್ನ ಒಂದೇ ಒಂದ್ಸಲ ಚೆನ್ನಾಗಿದೆ ಅಂದಿದೀನಿ, ಅದೂ ಅವತ್ತು ಅವ್ರ ಹುಟ್ಟಿದಬ್ಬ ಅಂತ. ಅಂಥ ನಾನು ಈಶ್ವರಮ್ಮನ ಬಗ್ಗೆ ಬರೆಯೋಕೆ ಕೂತಿದೀನಿ ಅಂದ್ರೆ, ಆ ಹೆಂಗಸು ಎಂಥೋರಿರ್ಬೇಕು ಅಂತ ನೀವೇ ಅಂದಾಜು ಮಾಡ್ಕೊಳ್ಳಿ.

ಪೀಣ್ಯದಲ್ಲಿ ಶೇಖರಪ್ಪ ಸಾರ್ ಅವ್ರದ್ದೊಂದು ಫ್ಯಾಕ್ಟ್ರಿ ಇತ್ತು. ಶೀಟಿನ ಮಾಡು, ನಲವತ್ತು ಜನ, ಮುಂದೆ ಒಂದು ಹೊಂಗೆ ಮರ. ದೊಡ್ಡ ಯಂತ್ರಗಳ ಒಳಗೆ ಕೂರೋ ಎಲೆಕ್ಟ್ರಾನಿಕ್ ಬೋರ್ಡುಗಳನ್ನ ಅಲ್ಲಿ ಮಾಡ್ತಿದ್ವಿ. 1992ರಲ್ಲಿ ನಾನು ಡಿಪ್ಲೊಮಾ ಮುಗಿಸ್ಕೊಂಡು ಅಲ್ಲಿ ಟೇಪ್ ಕೆಲ್ಸಕ್ಕೆ ಸೇರ್ದೆ. ಈಗಿನೋರಿಗೆ ಇದು ಗೊತ್ತಿರಲ್ಲ, ಹೇಳ್ಬಿಡ್ತೀನಿ. ಬೋರ್ಡಿನ ಮೇಲೆ ಚಿಪ್ಪಿಂದ ಚಿಪ್ಪಿಗೆ ಹೋಗೋ ತಾಮ್ರದ ಗೆರೆ ಇರುತ್ತಲ್ಲ, ಅದನ್ನ ಆಗ ನಾವು ಕೈಯಲ್ಲೇ ಹಾಕ್ತಿದ್ವಿ. ಹಾಲುಬಣ್ಣದ ಗಾಜಿನ ಟೇಬಲ್ಲು, ಗಾಜಿನ ಕೆಳಗೆ ಟ್ಯೂಬ್‌ಲೈಟು, ಮೇಲೆ ಪಾರದರ್ಶಕ ಫಿಲ್ಮು. ಫಿಲ್ಮಿನ ಮೇಲೆ ಎಳೆಯಷ್ಟು ತೆಳ್ಳಗಿನ ಕಪ್ಪು ಟೇಪನ್ನ ಅಂಟಿಸ್ತಾ ಹೋಗ್ಬೇಕು, ತುದಿನ ಬ್ಲೇಡಲ್ಲಿ ಕತ್ತರಿಸ್ಬೇಕು. ಎಲ್ಲ ಒಂದಕ್ಕೆರಡು ದೊಡ್ಡದು. ಆಮೇಲೆ ಅದನ್ನ ಫೋಟೋದವರು ಅರ್ಧಕ್ಕಿಳಿಸ್ತಿದ್ರು, ಬೋರ್ಡಿನವರು ಆ ಫೋಟೋದಲ್ಲಿ ಗೆರೆ ಇದ್ದಲ್ಲಿ ಮಾತ್ರ ತಾಮ್ರ ಉಳಿಸಿ ಮಿಕ್ಕಿದ್ದನ್ನ ಕರಗಿಸ್ತಿದ್ರು. ನಾವು ಅಂಟಿಸಿದ ಟೇಪೇ ತಾಮ್ರ ಆಗ್ತಿತ್ತು. ಒಂದು ಕೂದಲೆಳೆ ತಪ್ಪಿದ್ರೂ ಅದೂ ತಾಮ್ರ ಆಗ್ತಿತ್ತು.

ಆ ಟೇಬಲ್ಲಿನ ಯಜಮಾನಿ ಈಶ್ವರಮ್ಮ. ಆಗ ಅವ್ರಿಗೆ ನಲವತ್ತರ ಹತ್ತಿರ. ಲಗ್ಗೆರೆಯೋರು, ಏಳನೇ ಕ್ಲಾಸು. ನಾನು ಡಿಪ್ಲೊಮಾ ಮಾಡ್ಕೊಂಡು ಮೂಗು ಮೇಲೆ ಮಾಡ್ಕೊಂಡು ಬಂದೋಳು, ಏಳನೇ ಕ್ಲಾಸಿನೋರ ಕೈಕೆಳಗೆ ಕೆಲ್ಸ ಕಲೀಬೇಕು ಅಂದಾಗ ನಂಗೆ ಮೈಯೆಲ್ಲಾ ಉರಿದಿತ್ತು, ಸುಳ್ಯಾಕೆ ಹೇಳ್ಲಿ. ಆ ಉರಿ ಒಂದು ವಾರ ಇತ್ತು ಅಷ್ಟೆ. ಅವ್ರು ಒಂದು ಗೆರೆ ಎಳೆಯೋದನ್ನ ನೋಡ್ದೆ ನೋಡಿ, ಬಾಯಿ ಬಂದ್ ಆಯ್ತು. ಬಲಗೈಲಿ ಟೇಪು, ಎಡಗೈ ಬೆರಳು ಹಿಂದೆ ಒತ್ತುತ್ತಾ ಬರೋದು, ತಿರುವಲ್ಲಿ ಒಂದು ಸುಕ್ಕಿಲ್ಲ, ಉಸಿರು ಬಿಟ್ಟಿದ್ದೂ ಗೊತ್ತಾಗಲ್ಲ.

ಅವ್ರು ಆ ಫ್ಯಾಕ್ಟ್ರಿಗೆ ಬಂದಿದ್ದು ಕಸ ಗುಡಿಸೋಕೆ. ಟೇಬಲ್ಲಿನ ಗಾಜು ಒರೆಸ್ತಾ ಒರೆಸ್ತಾ ಮೇಲಿದ್ದ ಗೆರೆಗಳನ್ನ ನೋಡೋರಂತೆ. ಒಂದಿನ ಆಗಿನ ಡ್ರಾಫ್ಟ್ಸ್‌ಮನ್ ಸಿದ್ದರಾಮಪ್ಪನೋರಿಗೆ, "ಸಾಮಿ, ಇಲ್ಲಿ ಎಲ್ಡು ಗೆರೆ ತಾಗ್ತಾ ಅವೆ" ಅಂದ್ರಂತೆ. ಅವ್ರು ಭೂತಗನ್ನಡಿ ಇಟ್ಟು ನೋಡಿದ್ರೆ ಹೌದು, ತಾಗಿತ್ತು. ಪುಣ್ಯಾತ್ಮ ಬೇಜಾರು ಮಾಡ್ಕೊಳ್ಳದೆ ಮಾರನೇ ದಿನದಿಂದ ಪೊರಕೆ ಬಿಡಿಸಿ ಬ್ಲೇಡು ಕೊಟ್ರು. ಊರಿಗೆ ವಾಪಸ್ ಹೋಗೋವಾಗ ತಮ್ಮ ಬ್ಲೇಡಿನ ಹಿಡೀನೂ ಇವ್ರಿಗೇ ಕೊಟ್ಟು ಹೋದ್ರು. ಇಂಗ್ಲಿಷ್ ಓದೋಕೆ ಬರಲ್ಲ, ಆದ್ರೆ ಚಿಪ್ಪಿನ ನಂಬರ್ ಹೇಳಿದ್ರೆ ಸಾಕು, ಯಾವ ಕಾಲು ಎಲ್ಲಿ ಅಂತ ಈಶ್ವರಮ್ಮ ಕಣ್ಮುಚ್ಕೊಂಡು ಹೇಳೋರು.

ಒಂದ್ಸಲ ಊಟ ಮಾಡ್ತಾ ಕಿಟಕಿ ಕಡೆ ಕೈ ತೋರ್ಸಿ, "ಈ ಶೆಡ್ಡು, ಆ ರೋಡು, ಅದರಾಚೆ ಗೋಡೌನು, ಎಲ್ಲ ನಮ್ಮಪ್ಪನ ರಾಗಿ ಒಲ ಕಣಮ್ಮಿ" ಅಂದ್ರು. ಅವ್ರಪ್ಪ ವೆಂಕಟೇಶಪ್ಪನ ಜಮೀನು ಇಂಡಸ್ಟ್ರಿಗೆ ಅಂತ ಹೋಗಿತ್ತು. "ಈಗ ನಂಗೆ ಉಳ್ದಿರೋದು ಈ ಟೇಬಲ್ಲಷ್ಟು ಜಾಗ" ಅಂತ ನಕ್ರು. ನಾನೂ ನಕ್ಕೆ. ಆ ಮಾತಿನ ತೂಕ ಆಗ ನಂಗೆ ಗೊತ್ತಾಗ್ಲಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಶುಕ್ರವಾರ ಪೂಜೆ ಆಗಿ ಮಂಡಕ್ಕಿ ಹಂಚಿದ್ಮೇಲೆ, ಆ ವಾರ ಮುಗಿದ ಫಿಲ್ಮನ್ನ ಬಿಸಿಲು ಬೀಳೋ ಕಿಟಕಿ ಗಾಜಿಗೆ ಅಂಟಿಸ್ತಿದ್ವಿ. ಎಲ್ರೂ ಬಂದು ನೋಡೋರು. ಬೇಡದ ತಿರುವು, ಸುತ್ತಿ ಬಳಸಿ ಹೋದ ಗೆರೆ ಯಾರಿಗಾದ್ರೂ ಕಂಡ್ರೆ, ಟೇಪ್ ಹಾಕ್ದೋರು ಎಲ್ರಿಗೂ ಬೋಂಡಾ ಕೊಡಿಸ್ಬೇಕು. ಹುಡುಕೋದ್ರಲ್ಲಿ ಟೆಸ್ಟಿಂಗಿನ ದೇವರಾಜ್ ಎತ್ತಿದ ಕೈ, ಹದ್ದಿನ ಕಣ್ಣು ಆ ಮನುಷ್ಯಂದು. ನಾನು ಮೊದಲ್ನೇ ವರ್ಷ ನಾಲ್ಕು ಸಲ ಬೋಂಡಾ ಕೊಡಿಸ್ದೆ. ಈಶ್ವರಮ್ಮ ಆರು ವರ್ಷದಿಂದ ಒಂದ್ಸಲಾನೂ ಕೊಡಿಸಿರ್ಲಿಲ್ಲ. ಇನ್ನೊಂದು ಪದ್ಧತಿ, ಫಿಲ್ಮಿನ ಬಲಮೂಲೆಯಲ್ಲಿ ಹಾಕ್ದೋರ ಅಕ್ಷರ. ಅವ್ರದ್ದು 'ಈ'. ಟೇಪಲ್ಲೇ ಬರೆದಿರೋರು, ಅದೂ ತಾಮ್ರ ಆಗಿ ಬೋರ್ಡ್ ಜೊತೆ ಊರೂರು ಹೋಗ್ತಿತ್ತು. ನಂಗಿನ್ನೂ ಅಕ್ಷರ ಹಾಕೋ ಅಧಿಕಾರ ಇರ್ಲಿಲ್ಲ, ಪರ್ಮನೆಂಟ್ ಆಗಿರ್ಲಿಲ್ವಲ್ಲ.

ಮುಂದಿನ ವರ್ಷ ಕೊಯಮತ್ತೂರಿನ ಗಿರಣಿ ಯಂತ್ರದೋರ ಆರ್ಡರ್ ಬಂತು. ಓಡ್ತಿರೋ ನೂಲಲ್ಲಿ ಗಂಟು ಹಿಡಿಯೋ ಬೋರ್ಡು, ಮೊದಲಿಗೆ ಹತ್ತು, ಅದು ಒಪ್ಪಿಗೆ ಆದ್ರೆ ಇನ್ನೂ ಐವತ್ತು. ಅದರಲ್ಲಿ ಎಂಟು ಚಿಪ್ಪು, ಸಾಲಾಗಿ. ಒಂದು ಚಿಪ್ಪು ಇನ್ನೊಂದಕ್ಕೆ ಲೆಕ್ಕ ದಾಟಿಸ್ಬೇಕು, ಎಲ್ಲ ಒಂದೇ ಹೊತ್ತಿಗೆ. ಆ ಹೊತ್ತು ಹೇಳೋಕೆ ಒಂದು ಕ್ಲಾಕು, ಅಂದ್ರೆ ಉಗುರಷ್ಟು ತಗಡಿನ ಡಬ್ಬಿ, ಸೆಕೆಂಡಿಗೆ ಎರಡು ಕೋಟಿ ಸಲ ಟಿಕ್ ಅನ್ನುತ್ತೆ. ಆ ಟಿಕ್ಕನ್ನ ಎಂಟಕ್ಕೂ ಮುಟ್ಟಿಸೋ ಗೆರೆ ಹಾಕ್ಬೇಕಿತ್ತು. ಡಿಸೈನ್ ಮಾಡಿದ ಬಸು ಸಾರ್, ಗದಗದ ಕಡೆಯೋರು, ಈಶ್ವರಮ್ಮನ ಹತ್ರ ಬಂದು ಏನೋ ಹೇಳಿ ಹೋದ್ರು. ಎಲ್ಲ ಬಾಯಿಮಾತು. ನಾನು ಆಗ ಟೀ ತರೋಕೆ ಹೋಗಿದ್ದೆ.

ಫಿಲ್ಮು ಮುಗೀತಾ ಬಂದಿತ್ತು, ಅಷ್ಟರಲ್ಲಿ ಈಶ್ವರಮ್ಮನ ತಾಯಿ ಕೃಷ್ಣಮ್ಮನಿಗೆ ಕಣ್ಣಿನ ಆಪರೇಷನ್ ಅಂತ ಆಯ್ತು. "ಮೂಲೆಲಿ ಚಿಪ್ಪಿನ ಕಾಲು ಕೂರೋ ಎಲ್ಡು ಚುಕ್ಕಿ ಬಾಕಿ ಐತೆ, ಆಕಿ ಶನಿವಾರ ಫೋಟೋಕ್ಕೆ ಕಳ್ಸ್‌ಬಿಡು" ಅಂತ ಹೇಳಿ ರಜಾ ಹಾಕಿ ಹೋದ್ರು. ಬಸು ಸಾರ್ ಕೊಯಮತ್ತೂರಿಗೆ ಹೋಗಿದ್ರು. ಗುರುವಾರ ಸಾಯಂಕಾಲ ನಾನು ಫಿಲ್ಮ್ ಮುಂದೆ ಕೂತೆ. ಅಯ್ಯಯ್ಯೋ! ಕ್ಲಾಕಿಂದ ಎಂಟು ಬೇರೆ ಬೇರೆ ಗೆರೆ ಹೊರಟಿವೆ. ದೂರದ ಚಿಪ್ಪಿಗೆ ಹೋಗೋದು ನೆಟ್ಟಗಿದೆ. ಪಕ್ಕದಲ್ಲೇ ಇರೋ ಚಿಪ್ಪಿಗೆ ಹೋಗೋದು ಹಾವಿನ ಥರ ಹಿಂದೆ ಮುಂದೆ ಹೊರಳಾಡ್ಕೊಂಡು ಹೋಗಿದೆ. ಒಂದು ಬೆರಳು ದೂರಕ್ಕೆ ಒಂದು ಗೇಣು ಟೇಪು! ನಂಗೆ ನಾಚಿಕೆ ಆಗೋಯ್ತು. ನಾಳೆ ಶುಕ್ರವಾರ, ದೇವರಾಜ್ ನೋಡಿದ್ರೆ ಬಿಡ್ತಾನಾ? ಅಕ್ಕನಿಗೆ ತಾಯಿ ಚಿಂತೇಲಿ ತಲೆ ಕೆಟ್ಟಿರ್ಬೇಕು ಅಂದ್ಕೊಂಡೆ. ಇನ್ನೂ ಒಂದು ಒಳಮಾತಿತ್ತು, ಅದನ್ನೂ ಹೇಳ್ಬಿಡ್ತೀನಿ: ಡಿಪ್ಲೊಮಾ ಮಾಡಿದ ನಂಗೆ ಇವ್ರಿಗಿಂತ ಜಾಸ್ತಿ ಗೊತ್ತು ಅಂತ.

ಎಂಟು ಗೆರೆನೂ ಕಿತ್ತು ಬಿಸಾಕಿದೆ. ಕ್ಲಾಕಿಂದ ಒಂದೇ ಒಂದು ಗೆರೆ, ಎಂಟು ಚಿಪ್ಪನ್ನೂ ಒಂದಾದ್ಮೇಲೊಂದು ಮುಟ್ಕೊಂಡು ಹೋಗೋ ಹಾಗೆ, ನೆಟ್ಟಗೆ ಹಾಕಿದೆ. ಎಲ್ಲಾದಕ್ಕೂ ಕ್ಲಾಕ್ ಸಿಕ್ತಲ್ಲ, ಇನ್ನೇನು? ಶುಕ್ರವಾರ ಕಿಟಕಿಗೆ ಅಂಟಿಸಿದಾಗ ದೇವರಾಜ್ ಮೂರು ಸಲ ನೋಡಿ, "ಈಶ್ವರಕ್ಕ ಅಂದ್ರೆ ಈಶ್ವರಕ್ಕ ಗುರು, ಸಕ್ಕತ್" ಅಂದ. ನಾನು ಒಳಗೊಳಗೇ ಬೀಗ್ದೆ. ಮೂಲೆಯಲ್ಲಿ ಅವ್ರ 'ಈ' ಹಾಗೇ ಇತ್ತು. ಅವ್ರು ಸೋಮವಾರ ಬರೋಷ್ಟರಲ್ಲಿ ಫಿಲ್ಮು ಫೋಟೋಕ್ಕೆ ಹೋಗಿತ್ತು. ಹೇಳೋಣ ಅಂದ್ಕೊಂಡೆ, ಅವ್ರು ತಾಯಿ ವಿಷ್ಯ ಹೇಳ್ತಾ ಕೂತ್ರು, ಮರ್ತೇಹೋಯ್ತು.

ಮೂರು ವಾರ ಆದ್ಮೇಲೆ ಒಂದು ಸೋಮವಾರ, ಟೆಸ್ಟಿಂಗ್ ಕಡೆಯಿಂದ ದೇವರಾಜನ ಬೈಗುಳ ಕೇಳಿಸ್ತು. ಹತ್ತು ಬೋರ್ಡೂ ತಪ್ಪು ಲೆಕ್ಕ ಹೇಳ್ತಿವೆ. ವಿಚಿತ್ರ ಏನಂದ್ರೆ, ಏನಾಗಿದೆ ಅಂತ ನೋಡೋಕೆ, ಕರೆಂಟಿನ ಅಲೆನ ಪರದೆ ಮೇಲೆ ತೋರ್ಸೋ ಸ್ಕೋಪಿನ ಮೊನೆನ ಕ್ಲಾಕ್ ಗೆರೆಗೆ ಮುಟ್ಟಿಸಿದ್ರೆ ಬೋರ್ಡು ಸರಿಯಾಗುತ್ತೆ, ತೆಗೆದ್ರೆ ಮತ್ತೆ ಕೆಡುತ್ತೆ. "ಕೈ ಹಿಡ್ಕೊಂಡ್ರೆ ಮಾತ್ರ ಸುಮ್ನಿರೋಕೆ ಇದೇನು ಮಗೂನಾ?" ಅಂತ ಅವನು ಮೇಜು ಗುದ್ದಿದ.

ಬಸು ಸಾರ್ ಬೋರ್ಡನ್ನ ತಿರುಗಿಸಿ ನೋಡಿದ್ರು. ಮುಖ ಕಪ್ಪಿಟ್ಟಿತು. "ಏನ್ರೀ ಇದು ಈಶ್ವರಮ್ಮಾರ? ಎಂಟೂ ಬ್ಯಾರೆ ಬ್ಯಾರೆ, ಎಲ್ಲಾ ಒಂದ ಉದ್ದ ಅಂತ ಹೇಳಿದ್ನಿಲ್ಲ ನಿಮಗ? ಹಿಂಗ ಒಂದ ಗೆರೀಗೆ ಎಂಟನ್ನೂ ಕಟ್ಟಿದ್ರ ಟಿಕ್ಕು ಕೊನಿತನಕ ಹೋಗಿ, ಹೊಡದು, ವಾಪಸ್ ಬರ್ತೇತ್ರಿ. ನಡುವಿನ ಚಿಪ್ಪು ಒಂದನ್ನ ಎರಡು ಅಂತ ಎಣಸ್ತಾವು!"

ಈಶ್ವರಮ್ಮ ಬೋರ್ಡ್ ಕೈಗೆ ತಗೊಂಡ್ರು. ಆ ನೆಟ್ಟನೆ ಗೆರೆ ನೋಡಿದ್ರು, ಮೂಲೆಯ 'ಈ' ನೋಡಿದ್ರು. ಆಮೇಲೆ ಫೋಟೋದೋರಿಂದ ವಾಪಸ್ ಬಂದು ಡ್ರಾಯರಲ್ಲಿದ್ದ ಫಿಲ್ಮ್ ತೆಗೆದು ಬೆಳಕಿಗೆ ಹಿಡಿದು ಒಂದು ನಿಮಿಷ ನೋಡಿ, ಸುತ್ತಿ ಒಳಗಿಟ್ರು. "ನನ್ ಕೆಲ್ಸ ಸಾರ್. ನಾನೇ ಸರಿ ಮಾಡ್ತೀನಿ" ಅಂದ್ರು, ಅಷ್ಟೆ.

ಶೇಖರಪ್ಪ ಸಾರ್ ಕೆಟ್ಟೋರಲ್ಲ, ಆದ್ರೆ ಅವತ್ತು ಅವ್ರ ದನಿ ಗಟ್ಟಿಯಾಗಿತ್ತು. "ಶುಕ್ರವಾರ ಗಿರಣಿಯೋರು ನೋಡೋಕೆ ಬರ್ತಿದಾರೆ. ಹೊಸ ಬೋರ್ಡ್ ಮಾಡಿಸೋಕೆ ಟೈಮಿಲ್ಲ. ಕಂಪ್ಯೂಟರಲ್ಲಿ ಗೆರೆ ಹಾಕಿಕೊಡೋರು ಬಂದಿದಾರೆ, ಅಲ್ಲಿಗೆ ಕೊಡಿ ಅಂತ ಎಲ್ರೂ ಹೇಳಿದ್ರು. ನಿಮ್ಮನ್ನ ನಂಬಿ ಈ ಟೇಬಲ್ ಇಟ್ಕೊಂಡಿದ್ದೆ ಈಶ್ವರಮ್ಮ." ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡ್ಬೇಕಿತ್ತು. ಬಿಡ್ಲಿಲ್ಲ. ಇನ್ನು ಹದಿನೈದು ದಿನಕ್ಕೆ ನನ್ನ ಪರ್ಮನೆಂಟ್ ಲೆಟರ್ ಬರೋದಿತ್ತು. ಇವತ್ತು ಬರೀತಿರೋವಾಗ್ಲೂ ಆ ಕ್ಷಣ ನೆನೆಸ್ಕೊಂಡ್ರೆ ನಂಗೆ ನನ್ನ ಮೇಲೇ ಅಸಹ್ಯ ಆಗುತ್ತೆ.

ಮಂಗಳವಾರ ಬೆಳಿಗ್ಗೆ ಈಶ್ವರಮ್ಮ ಊಟದ ಚೀಲದಿಂದ ಬಿಳಿ ಹೊಲಿಗೆ ದಾರದ ಉಂಡೆ ತೆಗೆದ್ರು. ಗೆರೆಯ ಉದ್ದ ಅಳೆಯೋಕೆ ಅವ್ರು ಯಾವಾಗ್ಲೂ ಬಳಸ್ತಿದ್ದಿದ್ದು ಅದೇ, ತಿರುವಿದ್ದ ಕಡೆ ಸ್ಕೇಲ್ ಬಗ್ಗಲ್ವಲ್ಲ. ಕ್ಲಾಕಿಂದ ಅತಿ ದೂರದ ಚಿಪ್ಪಿಗೆ ದಾರ ಹಿಡಿದು, ಹಲ್ಲಲ್ಲಿ ಕಚ್ಚಿ ಗುರುತು ಮಾಡಿದ್ರು. ಆ ಅಳತೆಗೆ ತೆಳ್ಳನೆ ತಾಮ್ರದ ತಂತಿ ಕತ್ತರಿಸ್ಬೇಕು, ಬೋರ್ಡಿಗೆ ಎಂಟು, ಹತ್ತು ಬೋರ್ಡಿಗೆ ಎಂಬತ್ತು. ನನ್ನ ನೆಟ್ಟನೆ ಗೆರೆನ ಚಿಪ್ಪು ಚಿಪ್ಪಿನ ನಡುವೆ ಬ್ಲೇಡಲ್ಲಿ ಕಡಿದು, ಒಂದೊಂದಕ್ಕೂ ಅದರದ್ದೇ ತಂತಿ ಎಳೆದು, ಹತ್ತಿರದ ಚಿಪ್ಪಿಗೆ ಉಳಿದ ಉದ್ದನ ಸುತ್ತಿ ಮಡಿಸಿ ಗೋಂದಿನ ಬೊಟ್ಟಿಟ್ಟು ಕೂರಿಸ್ಬೇಕು. ಟಿಕ್ಕು ವಾಪಸ್ ಬರದ ಹಾಗೆ ತಡೆಯೋಕೆ ಪ್ರತಿ ತಂತಿಯ ಬುಡಕ್ಕೂ ಬಸು ಸಾರ್ ಒಂದೊಂದು ಪುಟ್ಟ ರೆಸಿಸ್ಟರ್ ಕೊಟ್ರು. ನಾನು ಕತ್ತರಿಸಿ ಕೊಡ್ತಿದ್ದೆ, ಅವ್ರು ಕೂರಿಸ್ತಿದ್ರು.

"ಮನೆಗೆ ಮೋಲ್ಡ್ ಆಕೋದು ನೋಡಿದೀಯಾ ವನಜಿ?" ಅಂದ್ರು, ತಲೆ ಎತ್ತದೆ. ಅವ್ರ ಗಂಡ ಆಂಜಿನಪ್ಪ ಕಾಂಕ್ರೀಟ್ ಮೇಸ್ತ್ರಿ. "ಸಾಲಾಗಿ ನಿಂತು ಬಾಂಡ್ಲಿ ದಾಟಿಸ್ತಾರಲ್ಲ. ಮೇಸ್ತ್ರಿ ಕೂಗಿದ್ದು ಎಲ್ರಿಗೂ ಒಂದೇ ಸಲ ಕೇಳ್ಬೇಕು. ಪಕ್ಕದೋನು ಪಕ್ಕದೋನಿಗೆ ಏಳಿ, ಅವನು ಇನ್ನೊಬ್ಬನಿಗೆ ಏಳಿ, ಅಂಗಾದ್ರೆ ಒಬ್ಬ ಕೊಡೋಷ್ಟರಲ್ಲಿ ಇನ್ನೊಬ್ಬ ಕೈ ಚಾಚಿರಲ್ಲ, ಬಾಂಡ್ಲಿ ಕಾಲ್ ಮೇಲೆ. ಅದಕ್ಕೇ ಅತ್ರ ಇರೋನ್ಗೂ ದೂರ ಇರೋನ್ಗೂ ಒಂದೇ ಉದ್ದ."

ಅಷ್ಟೇ ವಿಷ್ಯ. ಮೂರು ವರ್ಷ ಡಿಪ್ಲೊಮಾದಲ್ಲಿ ಇಷ್ಟು ಸಲೀಸಾಗಿ ಯಾರೂ ನಂಗೆ ಹೇಳಿರ್ಲಿಲ್ಲ.

ಗುರುವಾರ ಊಟದ ಹೊತ್ತಿಗೆ ಕೊನೇ ಬೋರ್ಡ್ ಮುಗೀತು. ಅವ್ರ ಬೆರಳ ತುದಿಯೆಲ್ಲ ಸುಟ್ಟು, ಕುಯ್ದು, ಕೆಂಪಗಿತ್ತು. ಆ ಕೈಯಲ್ಲೇ ಮುದ್ದೆ ಮುರೀತಿದ್ದಿದ್ದು ನೋಡಿ ನಂಗೆ ತಡೆಯೋಕಾಗ್ಲಿಲ್ಲ, ಅಳು ಬಂದ್ಬಿಡ್ತು. "ಅಕ್ಕ, ಆ ಗೆರೆ ಹಾಕಿದ್ದು ನಾನು."

"ಗೊತ್ತು. ಊಟ ಮಾಡು."

"ಹೆಂಗ್ ಗೊತ್ತು?"

"ಟೇಪಿನ ತುದಿ ಎಲ್ಲ ಎಡಕ್ಕೆ ಓರೆಯಾಗಿ ಕತ್ತರಿಸಿತ್ತು. ಈ ಟೇಬಲ್ಲಲ್ಲಿ ಎಡಗೈಲಿ ಬ್ಲೇಡ್ ಇಡಿಯೋಳು ಇನ್ಯಾರವ್ಳೆ?"

"ಮತ್ತೆ ಸಾರ್ ಹತ್ರ ಯಾಕೆ ಹೇಳ್ಲಿಲ್ಲ? ಈಗ ನಾನೇ ಹೇಳ್ತೀನಿ."

"ಬಾಯ್ಮುಚ್ಕೊಂಡು ಕೂತ್ಕೊ. ಲೆಟ್ರು ಬರೋ ಟೈಮಲ್ಲಿ ಏನ್ ಓಗಿ ಏಳ್ತೀಯ? ಅಂಗ್ಯಾಕೆ ಆಕಿದೀನಿ ಅಂತ ನಾನು ನಿಂಗೆ ಏಳಿ ಓಗ್ಬೇಕಿತ್ತು, ಏಳ್ಲಿಲ್ಲ. ನನ್ ಅಕ್ಷರದ ಕೆಳಗಿರೋದೆಲ್ಲ ನಂದೇ." ಮತ್ತೆ ಮುದ್ದೆಗೆ ಕೈ ಹಾಕಿದ್ರು. ನಾನು ಹೇಡಿ, ಸುಮ್ನಾದೆ.

ಶುಕ್ರವಾರ ಪೂಜೆ ಆದ್ಮೇಲೆ ಗಿರಣಿಯೋರು ಇಬ್ರು ಬಂದ್ರು. ದೇವರಾಜ್ ಒಂದೊಂದೇ ಬೋರ್ಡ್ ಹಚ್ಚಿದ. ಪ್ರತಿ ಸಲ ಸ್ಕೋಪಿನ ಮೊನೆನ ಎತ್ತಿ ಗಾಳೀಲಿ ತೋರ್ಸಿ, "ನೋಡಿ ಸಾರ್, ಕೈ ಬಿಟ್ಟಿದೀನಿ" ಅಂತಿದ್ದ. ಒಂದು, ಎರಡು, ಐದು, ಒಂಬತ್ತು. ಹತ್ತನೇದೂ ಸರಿಯಾಗಿ ಎಣಿಸ್ತು. ಬಸು ಸಾರ್ ಉಸಿರು ಬಿಟ್ಟಿದ್ದು ನಂಗೆ ಕೇಳಿಸ್ತು. ಗಿರಣಿಯೋರು ಮೇಲಿನ ತಂತಿಗಳ ಗೋಜಲು ನೋಡಿ ಸ್ವಲ್ಪ ಮುಖ ಮುರಿದ್ರು, ಆದ್ರೆ ಒಪ್ಕೊಂಡು, ಮುಂದಿನ ಐವತ್ತು ನೀಟಾಗಿರ್ಲಿ ಅಂತ ಹೇಳಿ ಹೋದ್ರು.

ನಾನು ಅಬ್ಬಾ ಬದುಕಿದ್ವಿ ಅಂದ್ಕೊಂಡೆ. ಶೇಖರಪ್ಪ ಸಾರ್ ಈಶ್ವರಮ್ಮನ ಕಡೆ ತಿರುಗಿದ್ರು. "ನೀವು ಪಟ್ಟ ಕಷ್ಟ ನೋಡಿದೀನಮ್ಮ. ಆದ್ರೆ ಇಂಥ ತಪ್ಪು ಇನ್ನೊಂದ್ಸಲ ಆದ್ರೆ ನಾನು ತಡ್ಕೊಳ್ಳೋಕಾಗಲ್ಲ. ಮುಂದಿನ ಐವತ್ತರ ಗೆರೆ ಕೆಲ್ಸ ಕಂಪ್ಯೂಟರಿನೋರಿಗೆ ಕೊಡ್ತೀನಿ. ನೀವು ಸೋಮವಾರದಿಂದ ಪ್ಯಾಕಿಂಗಿಗೆ ಬನ್ನಿ, ಸಂಬಳ ಇಷ್ಟೇ ಇರುತ್ತೆ. ಟೇಬಲ್ ತೆಗೆಸ್ಬಿಡೋಣ."

ಈಶ್ವರಮ್ಮ "ಆಯ್ತು ಸಾರ್" ಅಂದ್ರು. ಟೇಬಲ್ ಹತ್ರ ಹೋಗಿ ಸೆರಗಲ್ಲಿ ಗಾಜು ಒರೆಸಿದ್ರು. ಮೊದಲು ಕಸ ಗುಡಿಸೋಕೆ ಬಂದಾಗ ಒರೆಸ್ತಿದ್ರಲ್ಲ, ಅದೇ ಥರ. ದಾರನ ಉಂಡೆಗೆ ಸುತ್ತೋಕೆ ಶುರು ಮಾಡಿದ್ರು. ಅವ್ರಪ್ಪನ ಹೊಲದಲ್ಲಿ ಉಳಿದಿದ್ದ ಅಷ್ಟು ಜಾಗಾನೂ ನನ್ನಿಂದ ಹೋಗ್ತಿತ್ತು.

"ಸಾರ್!" ಅಂತ ಕಿರುಚಿದೆ. ಎಲ್ರೂ ತಿರುಗಿದ್ರು. "ಅದು ಅಕ್ಕನ ತಪ್ಪಲ್ಲ ಸಾರ್. ಅವ್ರು ಸರಿಯಾಗೇ ಹಾಕಿದ್ರು. ಅವ್ರಿಲ್ದಾಗ ಕಿತ್ತು ಹಾಕಿದ್ದು ನಾನು."

"ಏಯ್, ಸುಮ್ನಿರೇ" ಅಂದ್ರು ಈಶ್ವರಮ್ಮ. ನಾನು ಸುಮ್ನಿರ್ಲಿಲ್ಲ. ಡ್ರಾಯರ್ ಎಳೆದು, ಟೇಪ್ ಹಾಕೋಕೆ ಮುಂಚೆ ಅವ್ರು ಪೆನ್ಸಿಲಲ್ಲಿ ಬರ್ಕೊಂಡಿದ್ದ ಗ್ರಾಫ್ ಹಾಳೆ ತಂದು ಶೇಖರಪ್ಪ ಸಾರ್ ಮುಂದೆ ಹಿಡಿದೆ. ಎಂಟು ಗೆರೆ, ಹೊರಳಾಡ್ಕೊಂಡು ಹೋಗಿರೋವು, ಪ್ರತಿಯೊಂದರ ಪಕ್ಕದಲ್ಲೂ ಅವ್ರ ದುಂಡನೆ ಕನ್ನಡ ಅಂಕಿ: ೧೪, ೧೪, ೧೪. ಎಂಟು ಸಲ ಹದಿನಾಲ್ಕು. ಬಸು ಸಾರ್ ಅಕ್ಕನ ಕೈಲಿದ್ದ ದಾರ ತಗೊಂಡು ಒಂದೊಂದರ ಮೇಲೂ ಇಟ್ಟು ನೋಡಿದ್ರು. "ಕರೆಕ್ಟ್ ಅದಾವ್ರೀ ಸಾರ್, ಎಂಟೂ" ಅಂದ್ರು.

ಶೇಖರಪ್ಪ ಸಾರ್ ಹಾಳೆ ಕೆಳಗಿಟ್ಟು ಈಶ್ವರಮ್ಮನ್ನ ನೋಡಿದ್ರು. "ಒಂದು ಮಾತು ಹೇಳ್ಬಾರ್ದಿತ್ತೇನಮ್ಮ?" ಆಮೇಲೆ ನನ್ನ ಕಡೆ ತಿರುಗಿ ಚೆನ್ನಾಗಿ ಉಗಿದ್ರು. ಅವ್ರು ಉಗಿದಿದ್ದು ಪೂರ್ತಿ ನ್ಯಾಯ. ಪರ್ಮನೆಂಟ್ ಲೆಟರ್ ಆರು ತಿಂಗಳು ಮುಂದಕ್ಕೆ ಹೋಯ್ತು. ಟೇಬಲ್ ಇದ್ದಲ್ಲೇ ಉಳೀತು. ಮೂರು ವರ್ಷ ಆದ್ಮೇಲೆ ನಮ್ಮಲ್ಲೂ ಕಂಪ್ಯೂಟರ್ ಬಂದಾಗ ಅದರ ಮುಂದೆ ಮೊದಲು ಕೂತಿದ್ದೂ ಈಶ್ವರಮ್ಮನೇ. ಮೊದಲ್ನೇ ದಿನ ಪರದೆ ಮೇಲೆ ದಾರ ಇಟ್ಟು ಅಳೆದ್ರು ನೋಡಿ, ನಾವೆಲ್ಲ ಹೊಟ್ಟೆ ಹಿಡ್ಕೊಂಡು ನಕ್ವಿ.

ಐವತ್ತರ ಫಿಲ್ಮನ್ನ ಮುಂದಿನ ವಾರಾನೇ ಶುರು ಮಾಡಿದ್ವಿ. ಆ ಎಂಟು ಗೆರೆನ ಅವ್ರು ಮುಟ್ಲಿಲ್ಲ, ನನ್ನ ಕೈಲೇ ಹಾಕಿಸಿದ್ರು. ಮೂರು ಸಲ ಕೀಳಿಸಿ ನಾಲ್ಕನೇ ಸಲ ದಾರ ಇಟ್ಟು, "ಹೂಂ" ಅಂದ್ರು. ಶುಕ್ರವಾರ ಕಿಟಕಿಗೆ ಅಂಟಿಸೋಕೆ ಅವ್ರೇ ಎತ್ಕೊಂಡು ಹೋದ್ರು. ದೇವರಾಜ್ ನೋಡಿ ಬಾಯಿ ತೆಗೆದ, ಆ ಹಾವುಗಳ ಬಗ್ಗೆ ಒಂದೂ ಮಾತಾಡದೆ ಮುಚ್ಕೊಂಡ. ನಾನು ಹತ್ರ ಹೋದೆ. ಬಿಸಿಲಲ್ಲಿ ಬಲಮೂಲೆಯ ಅಕ್ಷರ ಕಪ್ಪಗೆ ಕಾಣ್ತಿತ್ತು. 'ಈ' ಅಲ್ಲ. 'ವ'.

"ಇದೇನಕ್ಕ! ನಾನಿನ್ನೂ ಪರ್ಮನೆಂಟೂ ಆಗಿಲ್ಲ. ಕೆಟ್ಟ ಬೋರ್ಡಲ್ಲಿ ನಿಮ್ಮಕ್ಷರ, ಸರಿ ಬೋರ್ಡಲ್ಲಿ ನಂದಾ?" ಅಂತ ಜಗಳಕ್ಕೇ ನಿಂತೆ, ಕಣ್ಣಲ್ಲಿ ನೀರು.

"ಆಕ್ದೋರು ಯಾರು? ನೀನು. ಸಾರ್‌ನ ಕೇಳಿದೀನಿ, ಒಪ್ಪವ್ರೆ. ಮೊದಲ್ನೇ ಅಕ್ಷರ ಬಿದ್ದೈತೆ, ಓಗು, ಅದರ ಕುಸಿಗೆ ಎಲ್ರಿಗೂ ಬೋಂಡಾ ತರ್ಸು" ಅಂದ್ರು.

ಆ ಬೋರ್ಡು ಆಮೇಲೆ ಎಷ್ಟೋ ವರ್ಷ ಹೋಯ್ತು, ಕೊಯಮತ್ತೂರಿನ ಗಿರಣಿಗಳಲ್ಲಿ ನನ್ನ ಅಕ್ಷರ ಇಟ್ಕೊಂಡು ಓಡ್ತು. ಮೊದಲಿನ ಹತ್ತನ್ನ ಗಿರಣಿಯೋರು ವಾಪಸ್ ಕೊಟ್ಟು ಹೊಸದು ತಗೊಂಡ್ರು. ಗುಜರಿಗೆ ಹೋಗೋ ಮುಂಚೆ ಅದರಲ್ಲೊಂದನ್ನ ನಾನು ಕೇಳಿ ತಗೊಂಡೆ. ನಮ್ಮನೆ ಗೋಡೇಲಿ, ದೇವರ ಫೋಟೋ ಪಕ್ಕದಲ್ಲಿ ಹಾಕಿದೀನಿ. ಕಡಿದ ಗೆರೆ ನಂದು. ಮೇಲಿರೋ ಎಂಟು ತಂತಿ ಅವ್ರದ್ದು, ಎಲ್ಲ ಒಂದೇ ಉದ್ದ. ಮೂಲೆಯಲ್ಲಿ 'ಈ' ಇದೆ.